ಗೋಡೆ ಹತ್ತಿದ ಕನ್ನಡಿ

ಈ ಊರಿನಲ್ಲಿ ಈರುಳ್ಳಿ ಕೈಜಾರಿದರೆ ಮುಗಿಯಿತು. ಅದು ಅಡುಗೆಮನೆಯ ಹೊಸ್ತಿಲು ಹಾರಿ, ಹಿತ್ತಿಲ ಮೆಟ್ಟಿಲಿಳಿದು, ಕೆಳಗಿನ ಮನೆಯವರ ಅಂಗಳದಲ್ಲಿ ಹೋಗಿ ನಿಲ್ಲುತ್ತದೆ. ಅಲ್ಲಿಂದ ಆ ಮನೆಯ ಹೆಂಗಸು ತಲೆಯೆತ್ತಿ ಕೂಗುತ್ತಾಳೆ: “ನಿಮ್ಮ ಈರುಳ್ಳಿ ಬಂತು ನೋಡ್ರೀ!” ಅಕ್ಕ ಇಲ್ಲಿಂದ ಕೂಗುತ್ತಾಳೆ: “ನೀವೇ ಹೆಚ್ಕೊಳ್ಳಿ, ಮೊನ್ನೆ ಮೇಲಿನವರ ನಿಂಬೆಹಣ್ಣು ನಮಗೆ ಬಂದಿತ್ತು!” ಇದನ್ನು ಇಬ್ಬರೂ ನಗದೆ ಹೇಳುತ್ತಾರೆ. ಕೇಳಿ ನನಗೆ ಮೈ ಉರಿಯುತ್ತಿತ್ತು. ಇದೂ ಒಂದು ಊರೇ?

ನಾನು ಹುಟ್ಟಿದ್ದು ಬಯಲಿನ ಊರಿನಲ್ಲಿ. ನಮ್ಮಲ್ಲಿ ಚೆಂಡು ಬಿಟ್ಟರೆ ಬಿಟ್ಟಲ್ಲೇ ಇರುತ್ತದೆ, ಮರ್ಯಾದಸ್ಥ ಚೆಂಡು. ರಸ್ತೆ ಎಂದರೆ ಗೆರೆ ಎಳೆದ ಹಾಗೆ. ಈ ತುದಿಯಲ್ಲಿ ನಿಂತರೆ ಆ ತುದಿಯಲ್ಲಿ ಯಾರು ಯಾರಿಗೆ ಬೈಯುತ್ತಿದ್ದಾರೆ ಎಂದು ಕೈ ಆಡಿಸುವುದರಲ್ಲೇ ಗೊತ್ತಾಗುತ್ತದೆ. ದಾರಿ ಕೇಳಿದರೆ ಎಡ, ಬಲ, ಅಷ್ಟೆ. ಇಲ್ಲಿ? “ಮೇಲೆ ಹೋಗಿ, ಸ್ವಲ್ಪ ಕೆಳಗೆ ಬಂದು, ಮತ್ತೆ ಮೇಲಕ್ಕೆ ನೋಡಿ.” ಎಡಬಲ ಎನ್ನುವುದೇ ಇವರ ಬಾಯಲ್ಲಿಲ್ಲ. ಅಕ್ಕನ ಮನೆಗೆ ಮುಂಬಾಗಿಲಿನಿಂದ ಬಂದರೆ ನೆಲಮಟ್ಟ. ಅದೇ ನೆಲದ ಮೇಲೆ ನಡೆದು ಹಿಂದಿನ ಕಿಟಕಿಯಲ್ಲಿ ಇಣುಕಿದರೆ ಮೂರನೇ ಮಹಡಿ! ಬಂದ ದಿನ ಆ ಕಿಟಕಿಯಿಂದ ಬಾಯಿ ಮುಕ್ಕಳಿಸಿ ಉಗುಳಲು ಹೋಗಿ, ಕೆಳಗೆ ಯಾರದೋ ಬೋಳುತಲೆ ಕಂಡು, ನೀರನ್ನು ನುಂಗಿಬಿಟ್ಟೆ.

ಊರಿನಲ್ಲಿ ನಾನು ಅಣ್ಣನ ಹಾಲಿನ ವ್ಯಾನು ಓಡಿಸುತ್ತಿದ್ದೆ. ಶಾಲೆಗೂ ನನಗೂ ಏಳನೇ ಕ್ಲಾಸಿನಲ್ಲೇ ಜಗಳವಾಗಿ ಮಾತು ನಿಂತಿತ್ತು. ಅಣ್ಣನಿಗೂ ನನಗೂ ದಿನವೂ ಜಗಳ, ಆದರೆ ಮಾತು ನಿಲ್ಲುತ್ತಲೇ ಇರಲಿಲ್ಲ, ಅದೇ ತೊಂದರೆ. “ವ್ಯಾನು ನಂದು, ರೋಡು ನೆಟ್ಟಗಿದೆ, ಕತ್ತೆ ಕೂರಿಸಿದ್ರೂ ಓಡಿಸತ್ತೆ” ಎಂದ ಒಂದು ದಿನ, ಎಲ್ಲರ ಎದುರಿಗೆ, ಊಟದ ಹೊತ್ತಿನಲ್ಲಿ. ಕೀಲಿಯನ್ನು ಅವನ ತಟ್ಟೆಯ ಪಕ್ಕಕ್ಕೆ ಎಸೆದೆ. “ಹಾಗಾದ್ರೆ ಕತ್ತೆ ಹುಡುಕ್ಕೋ” ಎಂದು ಹೇಳಿ ಅಕ್ಕನ ಊರಿನ ಬಸ್ಸು ಹತ್ತಿದೆ.

ಭಾವನದು ಮನೆ ಸಾಮಾನು ಸಾಗಿಸುವ ಪುಟ್ಟ ಲಾರಿ. ಲಾರಿಯನ್ನು ಭಾವ ಓಡಿಸುತ್ತಾರೆ. ಫೋನು ಹಿಡಿದು ಬಾಡಿಗೆ ಒಪ್ಪಿಕೊಳ್ಳುವ ಅಕ್ಕ ಭಾವನನ್ನು ಓಡಿಸುತ್ತಾಳೆ. ನನಗೆ ಸಿಕ್ಕಿದ್ದು ಕ್ಲೀನರ್ ಕೆಲಸ. ಇಲ್ಲಿ ಕ್ಲೀನರ್ ಎಂದರೆ ಕಲ್ಲು. ಗಾಡಿ ನಿಂತ ತಕ್ಷಣ “ಕಲ್ಲು ಕೊಡೋ!” ಎಂದು ಭಾವ ಕೂಗುತ್ತಾರೆ, ನಾನು ಹಾರಿ ಇಳಿದು ಹಿಂದಿನ ಗಾಲಿಯ ಕೆಳಗೆ ಕಲ್ಲು ತುರುಕಬೇಕು. ಹೊರಡುವಾಗ ಅದನ್ನು ಎತ್ತಿಕೊಂಡು ಓಡಿ ಬಂದು ಹತ್ತಬೇಕು. ಬೂದು ಬಣ್ಣದ, ಒಂದು ಕಡೆ ಇಳಿಜಾರಾಗಿ ಸವೆದ ಕಲ್ಲು. ಸ್ಟೀರಿಂಗ್ ಹಿಡಿಯುತ್ತಿದ್ದ ಕೈಗೆ ಕಲ್ಲು!

“ಕೀಲಿ ಕೊಡಿ ಭಾವ, ನಾನು ಓಡಿಸ್ತೀನಿ” ಎಂದರೆ ಭಾವ ಮೀಸೆಯೊಳಗೇ ನಗುತ್ತಿದ್ದರು. “ಏರಿನಲ್ಲಿ ನಿಲ್ಲಿಸಿ ಎತ್ತೋದು ಬಂದ ದಿನ ಕೊಡ್ತೀನಿ ಕಣೋ ಸಪಾಟು.” ಸಪಾಟು ಎನ್ನುವುದು ನನಗೆ ಈ ಊರು ಇಟ್ಟ ಹೆಸರು. ಬಯಲಿನಿಂದ ಬಂದವರೆಲ್ಲರೂ ಇವರಿಗೆ ಸಪಾಟು.

ಸಂಜೆ ಹೊತ್ತು ಲಾರಿ ನಿಲ್ಲಿಸುವ ಶೆಡ್ಡಿನ ಹಿಂದಿನ ಸಣ್ಣ ಏರಿನಲ್ಲಿ ಕಲಿಸುತ್ತಿದ್ದರು. ಹಿಂದಿನ ಗಾಲಿಯ ಬಳಿ ಒಂದು ಖಾಲಿ ಡಬ್ಬ ಇಟ್ಟು, “ಡಬ್ಬಕ್ಕೆ ತಾಗದ ಹಾಗೆ ಎತ್ತು” ಎನ್ನುತ್ತಿದ್ದರು. ಅಯ್ಯೋ, ಬಯಲಿನಲ್ಲಿ ಹ್ಯಾಂಡ್‌ಬ್ರೇಕ್ ಯಾರು ಮುಟ್ಟುತ್ತಾರೆ? ಅಣ್ಣನ ವ್ಯಾನಿನಲ್ಲಿ ಅದು ಬುತ್ತಿಚೀಲ ನೇತುಹಾಕುವ ಗೂಟವಾಗಿತ್ತು. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಮೇಲೆ ಇಡುವಷ್ಟರಲ್ಲಿ ಲಾರಿ ಹಿಂದಕ್ಕೆ ಜಾರುತ್ತಿತ್ತು. ಸಿಟ್ಟು ಬಂದು ಒತ್ತುತ್ತಿದ್ದೆ. ಇಂಜಿನ್ ಕಿರುಚಿ ಸಾಯುತ್ತಿತ್ತು. ಡಬ್ಬ ಪಚಕ್!

“ಕಾಲಲ್ಲಿ ಬಿಡಬೇಡ್ವೋ ಕ್ಲಚ್ಚು, ಕಿವೀಲಿ ಬಿಡು” ಎನ್ನುತ್ತಿದ್ದರು ಭಾವ. “ಇಂಜಿನ್ನಿನ ದನಿ ಇಳಿಯುತ್ತೆ, ಮೂತಿ ಒಂಚೂರು ಮೇಲೇಳತ್ತೆ. ಆಗ ಹ್ಯಾಂಡ್‌ಬ್ರೇಕ್ ಬಿಡು. ನೀನು ಕೇಳಿಸ್ಕೊಳ್ಳೋದೇ ಇಲ್ಲ, ಬರೀ ಒದೀತೀಯ.”

ಮನೆಯ ಡಬ್ಬಗಳೆಲ್ಲ ಚಪ್ಪಟೆಯಾದ ಮೇಲೆ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. “ನೋಡು, ನಂಗೆ ಬೇಕಾಗಿರೋದು ಎರಡನೇ ಡ್ರೈವರ್ರು, ಬರೀ ಕ್ಲೀನರ್ರಲ್ಲ. ಈ ವಾರದೊಳಗೆ ನೀನು ಗೋಡೆ ಹತ್ತಿಸ್ತೀಯೋ, ಇಲ್ಲ ನಾನೇ ನಿನ್ನ ಊರಿನ ಬಸ್ಸು ಹತ್ತಿಸ್ತೀನೋ, ಎರಡರಲ್ಲೊಂದು.”

ಗೋಡೆ ಎನ್ನುವುದು ಊರಿನ ನಡುವಿನ ಏರು. ಅದರ ಕಾಗದದ ಹೆಸರು ಬೇರೇನೋ ಇದೆಯಂತೆ, ಯಾರಿಗೂ ಗೊತ್ತಿಲ್ಲ. ಎರಡೂ ಕಡೆ ಕಲ್ಲಿನ ತಡೆಗೋಡೆ, ನಡುವೆ ಎದ್ದು ನಿಂತ ರಸ್ತೆ. ಕೆಳಗಿನಿಂದ ನೋಡಿದರೆ ಮೇಲಿನ ಅಂಗಡಿಗಳ ಬೋರ್ಡುಗಳು ಲೈಟುಕಂಬಗಳ ತಲೆಯ ಮೇಲೆ ಕಾಣುತ್ತವೆ. ಅಣ್ಣನ ಮುಂದೆ ಬಸ್ಸಿಳಿದು ನಿಲ್ಲುವುದನ್ನು ಯೋಚಿಸಿದೆ. ಅವನು ಏನೂ ಹೇಳುವುದಿಲ್ಲ. ಕೀಲಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸುತ್ತಾನೆ, ಅಷ್ಟೆ. ಸಾಕು, ಅದಕ್ಕಿಂತ ಗೋಡೆಯೇ ವಾಸಿ!

ವಾರದ ಕೊನೆಯ ದಿನ ಬಂದ ಬಾಡಿಗೆ ಕಟಿಂಗ್ ಅಂಗಡಿಯದು. ಅದರ ಯಜಮಾನರು ತೆಳ್ಳಗೆ, ಉದ್ದಕ್ಕೆ, ತಾವೇ ಒಂದು ಬಾಚಣಿಗೆಯ ಹಾಗಿದ್ದರು. ಗೋಡೆಯ ಬುಡದಲ್ಲಿದ್ದ ಅಂಗಡಿಯನ್ನು ಗೋಡೆಯ ತಲೆಗೆ ಸಾಗಿಸುತ್ತಿದ್ದರು.

“ಯಾಕೆ ಯಜಮಾನ್ರೇ, ಕೆಳಗಿನೋರಿಗೆಲ್ಲ ಕೂದಲು ಉದುರಿಹೋಯ್ತಾ?” ಎಂದರು ಭಾವ.

“ಇಲ್ಲಪ್ಪಾ, ಮೇಲಿನೋರು ಕಟಿಂಗ್‌ಗೆ ಇಳಿದು ಬರ್ತಾರೆ, ಮತ್ತೆ ಮನೆಗೆ ಹತ್ತೋಷ್ಟರಲ್ಲಿ ಮತ್ತೆ ಬೆಳೆದಿರತ್ತಂತೆ!” ಎಂದರು ಅವರು. “ಮಧ್ಯಾಹ್ನಕ್ಕೆ ಬಾಗಿಲು ತೆಗೀತೀನಿ ಅಂತ ಮೇಲೆಲ್ಲ ಹೇಳಿಬಿಟ್ಟಿದ್ದೀನಿ. ಮಾನ ಕಾಪಾಡಿ.”

ಕಬ್ಬಿಣದ ಕುರ್ಚಿಗಳು ಆನೆಮರಿಗಳ ಹಾಗಿದ್ದವು. ಕೊನೆಯದನ್ನು ಎತ್ತುವಾಗ ಭಾವ “ಹಾ!” ಎಂದು ಬಲಭುಜ ಹಿಡಿದುಕೊಂಡು ಕುಕ್ಕರಿಸಿದರು. ಕೈ ಎದೆಯಿಂದ ಮೇಲೆ ಏಳಲೇ ಇಲ್ಲ. ಯಜಮಾನರ ಮುಖ ಬಿಳಿಚಿಕೊಂಡಿತು. ಭಾವ ನನ್ನನ್ನು ನೋಡಿದರು. ನಾನು ಅವರ ಜೇಬನ್ನು ನೋಡಿದೆ.

“ನಿಲ್ಲಿಸದೆ ಹತ್ತಿಸಿದ್ರೆ ಗೋಡೆ ಏನೂ ಮಾಡಲ್ಲ” ಎಂದರು ಕೊನೆಗೆ, ಎಡಗೈಯಲ್ಲಿ ಕೀಲಿ ತೆಗೆಯುತ್ತಾ. “ಫಸ್ಟ್ ಗೇರು, ಒಂದೇ ಸಮ. ಏನೇ ಆದ್ರೂ ನಿಲ್ಲಿಸಬೇಡ. ಕೇಳಿಸ್ತಾ?”

“ಕೇಳಿಸ್ತು!”

“ಕಿವೀಲಾ, ಕಾಲಲ್ಲಾ?”

ಕೊನೆಗೆ ಕನ್ನಡಿ ಉಳಿದಿತ್ತು. ಅಂಗಡಿಯ ಒಂದಿಡೀ ಗೋಡೆ ತುಂಬುವ ಕನ್ನಡಿ. ಮಲಗಿಸಿದರೆ ಒಡೆಯುತ್ತದೆ, ಒಳಮುಖ ಮಾಡಿದರೆ ಕುರ್ಚಿಯ ಹಿಡಿಕೆ ತಾಗುತ್ತದೆ. ಆದ್ದರಿಂದ ಲಾರಿಯ ಹಿಂತುದಿಯಲ್ಲಿ ಹೊರಮುಖವಾಗಿ ನಿಲ್ಲಿಸಿ, ಹಗ್ಗ ಬಿಗಿದು, ಯಜಮಾನರು ಅದರ ಬೆನ್ನಿಗೆ ಆತುಕೊಂಡು ನಿಂತರು. ಇಡೀ ಬೀದಿ ನಮ್ಮ ಲಾರಿಯ ಹಿಂದೆ ಅಂಟಿಕೊಂಡಿತು.

ಹೊರಟೆವು! ಸ್ಟೀರಿಂಗ್ ಕೈಗೆ ಬಂದ ಕೂಡಲೇ ನನ್ನ ಬೆರಳುಗಳಿಗೆ ಜೀವ ಬಂತು. ಗೋಡೆಯ ಬುಡ ದಾಟಿದೆವು. ಗಾಜಿನ ತುಂಬ ಆಕಾಶ, ರಸ್ತೆಯೇ ಕಾಣುವುದಿಲ್ಲ! ಬೆನ್ನು ಸೀಟಿಗೆ ಒತ್ತಿಕೊಂಡಿತು, ಹಿಂದೆ ಕುರ್ಚಿಗಳು ಗಡಗಡ ಎಂದವು. ಹತ್ತುತ್ತಿದೆ, ಹತ್ತುತ್ತಿದೆ! “ಒಂದೇ ಸಮ, ಒಂದೇ ಸಮ” ಎಂದು ಭಾವ ಗೊಣಗುತ್ತಿದ್ದರು. ಅರ್ಧ ಗೋಡೆ ಏರಿದೆವು. ಬಿದ್ದುಹೋಗಲಿ ಅಣ್ಣನ ವ್ಯಾನು! ನಾನು ಬಾಯಿಬಿಟ್ಟು ಹಾಡುವುದೊಂದು ಬಾಕಿ.

ಆಗ ಮೇಲಿನಿಂದ ಒಂದು ಕಾರು ಇಳಿದು ಬಂತು. ಓಡಿಸುತ್ತಿದ್ದವರು ಕನ್ನಡಕದ ಒಬ್ಬ ಹೆಂಗಸು. ನಮ್ಮನ್ನು ನೋಡಿ ಅವರು ತಡೆಗೋಡೆಯ ಪಕ್ಕದ ಅಗಲ ಜಾಗಕ್ಕೆ ಕಾರು ಸರಿಸಿ ನಿಲ್ಲಿಸಿಕೊಂಡು, ಬಾ ಎಂದು ಕೈಯಾಡಿಸಿದರು.

ನಾನು ಸಿಟ್ಟಿನವನು, ಒಪ್ಪುತ್ತೇನೆ. ಆದರೆ ಬಯಲಿನ ಊರು ನನಗೆ ಒಂದು ಮರ್ಯಾದೆ ಕಲಿಸಿತ್ತು. ಎದುರಿನವರು ನಿಂತರೆ ನಾವೂ ನಿಲ್ಲುತ್ತೇವೆ. “ನೀವು ಹೋಗಿ”, “ಇಲ್ಲ ನೀವು ಹೋಗಿ” ಎಂದು ಇಬ್ಬರೂ ಕೈಯಾಡಿಸುತ್ತೇವೆ. ನಮ್ಮಲ್ಲಿ ನಿಲ್ಲಿಸಲೂ ಕಷ್ಟವಿಲ್ಲ, ಹೊರಡಲೂ ಕಷ್ಟವಿಲ್ಲ. ಅಷ್ಟು ಸಂತೋಷದಲ್ಲಿದ್ದೆನಲ್ಲ, ನನ್ನ ಜೀವಮಾನದ ಆ ಒಂದೇ ಮರ್ಯಾದೆ ಸರಿಯಾಗಿ ಅಲ್ಲೇ ಹೊರಗೆ ಬಂತು. ಬ್ರೇಕ್ ಒತ್ತಿದೆ. ನಿಂತೆ. ನಗುತ್ತಾ ಕೈ ಬೀಸಿದೆ. “ನೀವು ಹೋಗಿ ಮೇಡಂ!”

“ಅಯ್ಯೋ ನಿನ್ನ!” ಎಂದರು ಭಾವ.

ಕಾರಿನ ಹೆಂಗಸು ಕಿಟಕಿ ಇಳಿಸಿದರು. “ಹತ್ತೋ ಗಾಡಿ ಯಾಕಪ್ಪಾ ನಿಲ್ಲಿಸಿದೆ? ತಲೆ ಸರಿಯಿದ್ಯಾ?”

ಅಷ್ಟರಲ್ಲಿ ಹಿಂದಿನಿಂದ ಕಿರ್ರೆಂದು ದೊಡ್ಡ ಬ್ರೇಕಿನ ಸದ್ದು. ನಮ್ಮ ಹಿಂದೆ ಒಂದು ಟೌನ್ ಬಸ್ಸು ಹತ್ತಿ ಬರುತ್ತಿತ್ತು. ಅದರ ಡ್ರೈವರು ತಲೆ ಹೊರಗೆ ಹಾಕಿ ಅರಚುತ್ತಿದ್ದ. “ಎದುರಿಗೆ ಇನ್ನೊಂದು ಬಸ್ಸು ಬಂತು ಅಂದ್ಕೊಂಡೆ ಕಣ್ರಯ್ಯಾ! ಬ್ರೇಕ್ ಹೊಡೆದೆ, ಅವನೂ ಹೊಡೆದ! ಮುಖ ನೋಡಿದ್ರೆ ನಂದೇ! ಕನ್ನಡಿ ಹೀಗಾ ಇಡೋದು?”

“ಮತ್ತಿನ್ನು ಹೇಗಿಡ್ಬೇಕು?” ಎಂದು ಕನ್ನಡಿಯ ಹಿಂದಿನಿಂದ ಯಜಮಾನರ ದನಿ ಬಂತು. “ನಿಮ್ಮ ಮುಖ ಹಾಗಿದ್ರೆ ನಾನೇನ್ ಮಾಡ್ಲಿ?”

ನಾನು ಬ್ರೇಕನ್ನೂ ಕ್ಲಚ್ಚನ್ನೂ ಎರಡು ಕಾಲಲ್ಲಿ ಒತ್ತಿ ಹಿಡಿದಿದ್ದೆ. “ಭಾವ, ಕಲ್ಲು ಕೊಡಿ!” ಎಂದೆ. ಆ ಮಾತು ನನ್ನ ಬಾಯಿಂದ ಮೊದಲ ಸಲ ಬಂದಿತ್ತು. ಭಾವ ಎಡಗೈಯಲ್ಲಿ ಬಾಗಿಲು ತೆಗೆದು ಇಳಿದರು, ಹಿಂದಕ್ಕೆ ಹೋದರು, ಕಿಟಕಿಗೆ ವಾಪಸ್ಸು ಬಂದರು.

“ಕಲ್ಲೆಲ್ಲೋ?”

ಕಲ್ಲು! ಹೊರಡುವಾಗ ಕಲ್ಲು ಎತ್ತಿಕೊಳ್ಳುವುದು ಕ್ಲೀನರನ ಕೆಲಸ. ನಾನು ಡ್ರೈವರಾಗಿದ್ದೆ. ಭಾವ ನನ್ನನ್ನು ಇನ್ನೂ ಕ್ಲೀನರ್ ಎಂದುಕೊಂಡಿದ್ದರು. ಕಲ್ಲು ಹಳೆಯ ಅಂಗಡಿಯ ಮುಂದೆ ಹಾಯಾಗಿ ಕೂತಿತ್ತು.

ಭಾವ ಬಸ್ಸಿನ ಕಂಡಕ್ಟರನನ್ನು ಕೇಳಿದರು. ಅವನು ಬಸ್ಸಿನ ಗಾಲಿಗೆ ಮರದ ದಿಮ್ಮಿ ಕೊಟ್ಟು ಅದರ ಪಕ್ಕದಲ್ಲೇ ನಿಂತಿದ್ದ. “ಕೊಡಬಹುದು ಸ್ವಾಮಿ. ಆಮೇಲೆ ನಮ್ಮ ಬಸ್ಸನ್ನ ನೀವು ಹಿಡ್ಕೋತೀರಾ?”

ಬಸ್ಸು ನಿಂತ ಮೇಲೆ ಜನ ಸುಮ್ಮನೆ ಕೂರುತ್ತಾರೆಯೇ? ಒಬ್ಬೊಬ್ಬರಾಗಿ ಇಳಿದರು. ನನ್ನ ಪಕ್ಕದ ಕನ್ನಡಿಯಲ್ಲಿ ನೋಡುತ್ತೇನೆ: ಆಫೀಸಿನ ಚೀಲ ಹಾಕಿಕೊಂಡ ಒಬ್ಬ ಲಾರಿಯ ಹಿಂದೆ ಬಂದು ನಿಂತು, ಜೇಬಿನಿಂದ ಬಾಚಣಿಗೆ ತೆಗೆದು, ಬೈತಲೆ ಸರಿಮಾಡಿಕೊಳ್ಳುತ್ತಿದ್ದಾನೆ! ಅವನ ಪಕ್ಕದಲ್ಲಿ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡಳು. ಇನ್ನೊಬ್ಬ ಹಲ್ಲು ಕಿಸಿದು ಹಲ್ಲು ನೋಡಿಕೊಂಡ. ಇನ್ನೇನು ಜಾರಲಿರುವ ಲಾರಿಗೂ ಬಸ್ಸಿಗೂ ನಡುವೆ, ಗೋಡೆಯ ಅರ್ಧದಲ್ಲಿ, ಮದುವೆಮನೆಯ ಹಾಗೆ ಸಿಂಗಾರ ನಡೆದಿತ್ತು.

“ಏಯ್!” ಎಂದು ನಾನು ಕಿಟಕಿಯಿಂದ ಗರ್ಜಿಸಿದೆ. “ತಲೆ ಬಾಚ್ಕೊಳ್ಳೋಕೆ ಇದೇ ಜಾಗನಾ? ಸರೀರೀ ಆಕಡೆ! ಗಾಡಿ ಹಿಂದೆ ಬರತ್ತೆ!”

“ನೀನು ಬರಬೇಡ, ಅಷ್ಟೇ” ಎಂದ ಬೈತಲೆಯವನು, ತಿರುಗಿಯೂ ನೋಡದೆ.

ಯಜಮಾನರು ಕನ್ನಡಿಯ ಹಿಂದಿನಿಂದಲೇ ವ್ಯಾಪಾರ ಶುರುಮಾಡಿದ್ದರು. “ನೋಡ್ಕೊಳ್ಳಿ, ಚೆನ್ನಾಗಿ ನೋಡ್ಕೊಳ್ಳಿ! ಕಿವಿ ಮೇಲೆ ಕೂದಲು ಬಂದಿದ್ರೆ ಮಧ್ಯಾಹ್ನ ಮೇಲ್ಗಡೆ ಅಂಗಡಿಗೆ ಬನ್ನಿ! ಇದೇ ಕನ್ನಡಿ ಇರತ್ತೆ!” ಆಮೇಲೆ ದನಿ ತಗ್ಗಿಸಿ, ನನಗೆ ಮಾತ್ರ ಕೇಳುವಂತೆ, “ತಮ್ಮಾ, ಇರತ್ತೆ ಅಲ್ವಾ?” ಎಂದರು.

ಆ ಪ್ರಶ್ನೆ ನನ್ನನ್ನು ಕುಟುಕಿತು. ಸಿಟ್ಟು ಎಲ್ಲರ ಮೇಲೂ ಇತ್ತು: ಬೈತಲೆಯವನ ಮೇಲೆ, ಕಾರಿನವರ ಮೇಲೆ, ಅಣ್ಣನ ಮೇಲೆ, ನೆಟ್ಟಗಿರಲು ಬಾರದ ಈ ಊರಿನ ಮೇಲೆ. ಎಲ್ಲ ಸಿಟ್ಟೂ ಬಲಗಾಲಿಗೆ ಇಳಿದು ಕೂತಿತ್ತು. ಒದ್ದುಬಿಡು ಎನ್ನುತ್ತಿತ್ತು ಕಾಲು. ಒದ್ದರೆ ಇಂಜಿನ್ ಸಾಯುತ್ತದೆ, ಲಾರಿ ಜಾರುತ್ತದೆ, ಮೊದಲು ಅಜ್ಜಿ, ಆಮೇಲೆ ಕನ್ನಡಿ, ಆಮೇಲೆ ಬಸ್ಸು. ಆಮೇಲೆ ನನಗೆ ಊರಿನ ಬಸ್ಸು.

ಭಾವ ಕಿಟಕಿಯ ಪಕ್ಕದಲ್ಲೇ ನಿಂತರು. ಜನರನ್ನು ಎಡಗೈಯಲ್ಲಿ ದೂಡುತ್ತಾ, ನನಗೆ ಬೈಯದೆ, ಹಾಲು ಉಕ್ಕುವುದನ್ನು ನೋಡುವವರ ಹಾಗೆ ಮೆಲ್ಲಗೆ ಹೇಳಿದರು. “ಹ್ಯಾಂಡ್‌ಬ್ರೇಕ್ ಎಳಿ. ಇನ್ನೂ ಎಳಿ. ಅದು ಬುತ್ತಿಗೂಟ ಅಲ್ಲ. ಹಾಂ. ಈಗ ಬ್ರೇಕಿಂದ ಕಾಲು ತೆಗಿ.”

ತೆಗೆದೆ. ಲಾರಿ ಒಂದು ಸಲ ಉಸಿರು ಬಿಟ್ಟ ಹಾಗೆ ಕುಸಿಯಿತು. ಹಿಂದೆ “ಓ ಓ ಓ!” ಎಂದು ಗದ್ದಲ. ನಿಂತಿತು. ನಿಂತೇ ಇತ್ತು!

“ಈಗ ಬಾಯಿ ಮುಚ್ಚು, ಕಿವಿ ತೆಗಿ.”

“ಎಲ್ಲಾರೂ ಬಾಯಿ ಮುಚ್ಚಿ!” ಎಂದು ಕಾರಿನ ಹೆಂಗಸು ಎದುರಿನಿಂದ ಕೂಗಿದರು. “ಹುಡುಗ ಕೇಳಿಸ್ಕೊಬೇಕಂತೆ!” ನಿಜವಾಗಿಯೂ ಗೋಡೆ ತುಂಬ ಮೌನವಾಯಿತು. ಬಾಚಣಿಗೆಗಳು ಜೇಬು ಸೇರಿದವು.

ಸ್ವಲ್ಪ ಆಕ್ಸಿಲರೇಟರ್ ಕೊಟ್ಟೆ. ಇಂಜಿನ್ ಗುಂಯ್ ಎಂದಿತು. ಕ್ಲಚ್ಚನ್ನು ಎತ್ತತೊಡಗಿದೆ, ಮಲಗಿದ ಮಗುವಿನ ತಲೆಯ ಕೆಳಗಿನಿಂದ ಕೈ ಎಳೆದುಕೊಳ್ಳುವ ಹಾಗೆ. ಏನೂ ಇಲ್ಲ. ಇನ್ನೂ ಸ್ವಲ್ಪ. ಏನೂ ಇಲ್ಲ. ಒದ್ದುಬಿಡು ಎಂದಿತು ಕಾಲು. ಸುಮ್ಮನಿರು ಎಂದೆ ಕಾಲಿಗೆ, ಜೋರಾಗಿಯೇ ಎಂದೆನಂತೆ, ಭಾವ ಆಮೇಲೆ ಹೇಳಿದ್ದು. ಇನ್ನೂ ಒಂಚೂರು. ಆಗ ಕೇಳಿಸಿತು! ಗುಂಯ್ ಎನ್ನುತ್ತಿದ್ದದ್ದು ಗೂಂ ಎಂದು ಕೆಳಗಿಳಿಯಿತು. ನೊಗಕ್ಕೆ ಹೆಗಲು ಕೊಟ್ಟ ಎತ್ತಿನ ಗುಟುರಿನ ಹಾಗೆ. ಲಾರಿಯ ಮೂತಿ ಎದ್ದಿತು, ನನ್ನ ಕಣ್ಣೆದುರಿಗೇ ಎದ್ದಿತು!

“ಬಿಡು!” ಎಂದರು ಭಾವ. ಅವರು ಹೇಳುವ ಮೊದಲೇ ನಾನು ಬಿಟ್ಟಿದ್ದೆ.

ಹಿಂದಕ್ಕೆ ಒಂದು ಕೂದಲೆಳೆಯಷ್ಟೂ ಹೋಗಲಿಲ್ಲ. ಅಲ್ಲೇ ನಿಂತಿತು, ಗೋಡೆಯನ್ನು ಕಚ್ಚಿಕೊಂಡು, ಮತ್ತೆ ನಡೆಯಿತು. ಮುಂದಕ್ಕೆ! ಮೇಲಕ್ಕೆ! ಹಿಂದೆ ಜನ ಕೇಕೆ ಹಾಕಿದರು, ಬಸ್ಸಿನವನು ಹಾರ್ನು ಬಾರಿಸಿದ, ಭಾವ ಭುಜ ಹಿಡಿದುಕೊಂಡು ಪಕ್ಕದಲ್ಲೇ ಓಡುತ್ತಿದ್ದರು. “ನಿಲ್ಲಿಸಬೇಡ್ವೋ! ನಂಗೋಸ್ಕರನೂ ನಿಲ್ಲಿಸಬೇಡ! ನಾನು ನಡ್ಕೊಂಡೇ ಬರ್ತೀನಿ!” ಕಾರಿನ ಹೆಂಗಸನ್ನು ದಾಟುವಾಗ ನಾನು ಕೈ ಬೀಸಲಿಲ್ಲ. ಎರಡು ಕೈಯೂ ಸ್ಟೀರಿಂಗ್ ಮೇಲೆ. ಅವರೇ ಬೀಸಿದರು.

ಗೋಡೆಯ ತಲೆಯಲ್ಲಿ ಸಣ್ಣ ಚೌಕವಿದೆ, ಈ ಇಡೀ ಊರಿನಲ್ಲಿ ಅಂಗೈಯಗಲದ ಒಂದೇ ಸಮತಟ್ಟು. ಹೊಸ ಅಂಗಡಿಯ ಮುಂದೆ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕನ್ನು ಕಿತ್ತುಬರುವಷ್ಟು ಎಳೆದೆ. ಗಾಲಿಯನ್ನು ಕಟ್ಟೆಯ ಕಡೆಗೆ ತಿರುಗಿಸಿದೆ. ಇಳಿದು, ಅಲ್ಲೇ ಬಿದ್ದಿದ್ದ ಒಂದು ಇಟ್ಟಿಗೆಯನ್ನು ಗಾಲಿಯ ಕೆಳಗೆ ತುರುಕಿದೆ. ಭಾವ ಏದುಸಿರು ಬಿಡುತ್ತಾ ಬಂದು ನೋಡಿದರು.

“ಇದು ಸಪಾಟು ಜಾಗ ಕಣೋ, ಸಪಾಟು!”

“ನಿಮ್ಮೂರನ್ನ ನಾನು ನಂಬಲ್ಲ ಭಾವ.”

ಭಾವನ ಫೋನು ಹೊಡೆದುಕೊಂಡಿತು. ಅಕ್ಕ. ಅವಳ ದನಿ ಫೋನಿನ ಹೊರಗೇ ಕೇಳುತ್ತಿತ್ತು. “ಏನ್ರೀ, ಕಲ್ಲು ಬಿಟ್ಟು ಹೋಗಿದ್ದೀರಂತೆ? ಹಳೇ ಅಂಗಡಿ ಪಕ್ಕದೋರು ಫೋನ್ ಮಾಡಿದ್ರು. ಗಾಡಿ ಎಲ್ಲಿ? ಯಾರು ಓಡಿಸಿದ್ದು?”

“ನಿನ್ನ ತಮ್ಮ. ಗೋಡೆ ಮಧ್ಯ ನಿಲ್ಲಿಸಿ ಎತ್ತಿದ.”

ಅತ್ತ ಕಡೆ ಏನೋ ಕೈಜಾರಿ ಬಿದ್ದು ಮೆಟ್ಟಿಲಿಳಿದ ಸದ್ದು.

“ನಿಲ್ಲಿಸಿದ್ಯಾಕೆ ಆ ಮುಟ್ಠಾಳ?”

“ಮರ್ಯಾದೆಗೆ.”

“ಅವನಿಗೆ ಮರ್ಯಾದೆ ಎಲ್ಲಿಂದ ಬಂತು?” ಎಂದಳು. ಆಮೇಲೆ ತನ್ನ ಬಾಡಿಗೆ ಒಪ್ಪಿಕೊಳ್ಳುವ ದನಿಗೆ ಬಂದಳು. “ಸರಿ. ನಾಳೆ ಹೊಲಿಗೆ ಅಂಗಡಿದೊಂದು ಲೋಡಿದೆ, ನಿಮ್ಮ ಭುಜ ಆಗಲ್ಲ, ಅವನೇ ತರಲಿ. ಬರ್ತಾ ಕಲ್ಲು ಎತ್ಕೊಂಡು ಬನ್ನಿ. ಆಮೇಲೆ, ಯಾರಾದ್ರೂ ಕ್ಲೀನರ್ ಸಿಕ್ತಾರಾ ನೋಡ್ರೀ.”

ನಾನು ಚೌಕದ ನಡುವೆ ಒಂದು ಸಲ ಎಗರಿದೆ. ಯಾರೋ ನೋಡಿದರು. ನೋಡಲಿ! ಮತ್ತೊಂದು ಸಲ ಎಗರಿದೆ.

ಕನ್ನಡಿಯನ್ನು ಇಳಿಸಿ, ಒಳಗೆ ಜಾಗ ಗುಡಿಸುವವರೆಗೆ ಅಂಗಡಿಯ ಹೊರಗೋಡೆಗೆ ಒರಗಿಸಿದೆವು. ಒಂದು ಕುರ್ಚಿಯನ್ನು ಅದರ ಮುಂದೆ ಇಟ್ಟೆವು. ಯಜಮಾನರು ಬಿಳಿ ಬಟ್ಟೆ ಒದರಿ, “ಬಾ ತಮ್ಮಾ, ಬೋಣಿ ನಿಂದೇ” ಎಂದರು. ಅಷ್ಟು ಹೊತ್ತಿಗೆ ಬೈತಲೆಯವನೂ ಅಜ್ಜಿಯೂ ಮತ್ತೆ ಬಸ್ಸು ಹತ್ತಿ ಮೇಲೆ ಬಂದಿಳಿದು ನಿಂತಿದ್ದರು, ಏನಾಗುತ್ತದೆ ನೋಡೋಣ ಎಂದು.

ಕೂತೆ. ಕನ್ನಡಿಯಲ್ಲಿ ಬೆವರಿನ ಕೆಂಪು ಮುಖವೊಂದು ನನ್ನನ್ನು ನೋಡಿತು. ಅದರ ಹಿಂದೆ ಗೋಡೆಯ ಅಂಚು, ಅಂಚಿನ ಕೆಳಗೆ ಹೆಂಚುಗಳು, ಹೆಂಚುಗಳ ಆಚೆಗೆ, ಬಹಳ ದೂರದಲ್ಲಿ, ಬಯಲು. ಎಳೆದ ಗೆರೆಯ ಹಾಗೆ ನೆಟ್ಟಗೆ, ಹೊಳೆಯುತ್ತಾ. ಅಲ್ಲಿದ್ದಾಗ ಅದು ಇಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ಯಾವುದೋ ರಸ್ತೆಯಲ್ಲಿ ಅಣ್ಣನ ವ್ಯಾನು ಹೋಗುತ್ತಿರಬೇಕು, ಗೂಟಕ್ಕೆ ಬುತ್ತಿಚೀಲ ನೇತುಹಾಕಿಕೊಂಡು. ಮೊದಲ ಸಲ ಅವನಿಗೆ ಬೈಯಬೇಕು ಎನ್ನಿಸಲಿಲ್ಲ. ಕರೆದು ತೋರಿಸಬೇಕು ಎನ್ನಿಸಿತು.

“ಹೇಗೆ ಹೊಡೀಲಿ?” ಎಂದರು ಯಜಮಾನರು ಕತ್ತರಿ ಕಟಕಟಿಸುತ್ತಾ.

“ಮೇಲೆ ಸಪಾಟಾಗಿರಲಿ” ಎಂದೆ. “ಪಕ್ಕದಲ್ಲಿ ಇಳಿಜಾರು.”

ಭಾವ ನಕ್ಕರು, ನಕ್ಕ ನೋವಿಗೆ ಭುಜ ಹಿಡಿದುಕೊಂಡು ಬೈದರು, ಬೈಯುತ್ತಲೇ ಮತ್ತೆ ನಕ್ಕರು.